ಕೊಸರಿನಲ್ಲಿ ಕಾಶಿ

ನಮ್ಮನೆಗೆ ಆ ಕ್ರೆಡಿಟ್ ಕಾರ್ಡು ಬಂದಾಗಿನಿಂದ ನಗೋದಕ್ಕೆ ಬೇರೆ ಏನೂ ಹುಡುಕಬೇಕಾಗಿಲ್ಲ ಕಣ್ರೀ. ಹಾಲು ಕಾಯೋಕಿಟ್ಟರೆ ಅದು ಉಕ್ಕೋದರೊಳಗೆ ಒಂದು ಪ್ರಸಂಗ ಆಗಿರ್ತದೆ. ಮನೆ ಇರೋದು ದಟ್ಟಗಳ್ಳಿಯಲ್ಲಿ. ಕಾರ್ಡು ಸೊಸೇದು. ಹುಚ್ಚು ಮಾತ್ರ ನಂದು.

೧. ಅಕ್ಕ ಒಪ್ಪಿದ್ದು

ನಮ್ಮಕ್ಕ ಚಾಮುಂಡಿ ಬೆಟ್ಟದ ಮೇಲೆ ಹೂವು ಮಾರ್ತಾಳೆ. ಈ ವಯಸ್ಸಲ್ಲೂ ಬೆಳಗಿನ ಮೊದಲ ಬಸ್ಸಲ್ಲಿ ಅವಳ ಬುಟ್ಟಿಗೊಂದು ಸೀಟು, ಅವಳಿಗೊಂದು ಸೀಟು. ಇರೋದು ಒಂದೇ ಆಸೆ, ಕಾಶಿ ನೋಡಬೇಕು. ರೈಲಲ್ಲಿ ಅಷ್ಟು ದೂರ ಕೂರೋಕೆ ಸೊಂಟ ಕೇಳಲ್ಲ. ವಿಮಾನದಲ್ಲಿ ನಾವು ಕರ್ಕೊಂಡು ಹೋಗ್ತೀವಿ ಬಾ ಅಂದ್ರೆ, "ಇನ್ನೊಬ್ಬರ ದುಡ್ಡಲ್ಲಿ ಕಾಶಿಗೆ ಹೋದ್ರೆ ಪುಣ್ಯ ಅವರಿಗೆ ಹೋಗ್ತದೆ. ನನಗೆ ಬರೀ ಸೊಂಟನೋವು" ಅಂತಾಳೆ.

ಒಂದಿನ ಸೊಸೆ ಹೇಳಿದಳು, "ಅತ್ತೆ, ಈ ಕಾರ್ಡಲ್ಲಿ ಏನು ಕೊಂಡ್ರೂ ಪಾಯಿಂಟು ಬರ್ತವೆ. ಕೂಡಿಸಿಟ್ರೆ ವಿಮಾನದ ಟಿಕೆಟ್ಟೇ ಸಿಗ್ತದೆ. ಆದ್ರೆ ಯುಗಾದಿಯೊಳಗೆ ಬಳಸಬೇಕು. ಆಮೇಲೆ ಎಲ್ಲಾ ಹಾಳು."

ನಾನು ಅವತ್ತೇ ಬೆಟ್ಟ ಹತ್ತಿದೆ. ಅಕ್ಕ ಕೇಳಿಸಿಕೊಂಡು, "ಪಾಯಿಂಟು ಅಂದ್ರೆ ದುಡ್ಡೇ ತಾನೆ?" ಅಂದಳು.

"ಅಲ್ಲ ಕಣಕ್ಕ. ನೀನು ಒಂದು ಮೊಳ ಹೂವು ಅಳೆದ ಮೇಲೆ ಇನ್ನೊಂದು ಗೇಣು ಬುಡ್ತೀಯಲ್ಲ, ಅದಕ್ಕೆ ದುಡ್ಡು ತಗೋತೀಯಾ?"

"ಅದು ಕೊಸರು ಕಣೆ."

"ಇದು ಬ್ಯಾಂಕಿನೋರು ಕೊಡೋ ಕೊಸರು."

ಅಕ್ಕ ಕಟ್ಟುತ್ತಿದ್ದ ಹೂವನ್ನ ಮಡಿಲಲ್ಲಿ ಇಟ್ಟುಕೊಂಡಳು. ಹುಟ್ಟಿದಾಗಿನಿಂದ ತರಕಾರಿಯೋಳ ಹತ್ತಿರ ಕೊಸರು ಕೇಳದೆ ಎದ್ದು ಬಂದೋಳಲ್ಲ. "ಹಂಗಾದ್ರೆ ಬುಡಬಾರದು. ಆದ್ರೆ ನಿಮ್ಮ ಕಾಸು ಸೇರಿದೆ ಅಂತ ಗೊತ್ತಾದ್ರೆ ನಾನು ವಿಮಾನದಿಂದ ಇಳಿದುಬುಡ್ತೀನಿ."

"ಎಲ್ಲಿ ಇಳೀತೀಯಾ?"

"ಅದು ಡ್ರೈವರಿಗೆ ಬಿಟ್ಟಿದ್ದು" ಅಂದಳು.

೨. ಹಾಟ್‌ಬಾಕ್ಸು

ಪಾಯಿಂಟು ಬೆಳೀತಾ ಬಂದ ಹಾಗೆ ಸೊಸೆ ಫೋನಲ್ಲಿ ಒಂದು ಅಂಗಡಿ ತೆರೆದುಕೊಳ್ತು. ಪಾಯಿಂಟು ಕೊಟ್ಟರೆ ಇಸ್ತ್ರಿಪೆಟ್ಟಿಗೆ, ಬೆಡ್‌ಶೀಟು, ಮೂರು ಹಾಟ್‌ಬಾಕ್ಸಿನ ಸೆಟ್ಟು. ಹಾಟ್‌ಬಾಕ್ಸು ನೋಡಿ ನನ್ನ ಕಣ್ಣು ಅಲ್ಲೇ ಕೂತುಬುಡ್ತು.

"ಬೇಡ ಅತ್ತೆ. ಇಲ್ಲಿ ಸಾಮಾನು ತಗೊಂಡ್ರೆ ಪಾಯಿಂಟಿಗೆ ಬೆಲೆನೇ ಇಲ್ಲ. ಅದನ್ನೇ ವಿಮಾನದೋರ ಲೆಕ್ಕಕ್ಕೆ ವರ್ಗಾಯಿಸಿದ್ರೆ ದೊಡ್ಡತ್ತೆ ಅರ್ಧ ದಾರಿ ಹೋಗಿಬಿಡ್ತಾರೆ."

"ಅಲ್ಲ ಕಣೇ, ಬಣ್ಣ ಎಷ್ಟು ಚೆನ್ನಾಗಿದೆ ನೋಡು."

ಫೋನ್ ಕಸ್ಕೊಂಡು ಒಳಗೆ ಹೋದಳು. ನನ್ನ ಪುಣ್ಯ. ಪಕ್ಕದ ಮನೆಯಾಕೆ ಹತ್ರಾನೂ ಅಂಥದ್ದೇ ಕಾರ್ಡಿತ್ತು, ಆಕೆಗೆ ಹೇಳೋರು ಯಾರೂ ಇರಲಿಲ್ಲ. ಹಾಟ್‌ಬಾಕ್ಸ್ ತರಿಸಿಕೊಂಡು, ಸೆರಗಲ್ಲಿ ಒರೆಸ್ತಾ ಒರೆಸ್ತಾ ನಮಗೆ ತೋರಿಸೋಕೆ ಬಂದಳು. ಗಂಡನೂ ಹಿಂದೆ ಮುಚ್ಚಳ ಹಿಡಕೊಂಡು ನಿಂತಿದ್ದ. ನಮ್ಮ ಸೊಸೆಗೆ ಬಾಯಿ ತಡೀಲಿಲ್ಲ. "ಆಂಟಿ, ಇಷ್ಟು ಪಾಯಿಂಟಲ್ಲಿ ನೀವು ಗೋವಾಕ್ಕೆ ಹೋಗಿಬರಬಹುದಿತ್ತು" ಅಂದುಬಿಟ್ಟಳು.

ಅವತ್ತಿನಿಂದ ಆ ಮನೇಲಿ ಊಟಕ್ಕೆ ಕೂತಾಗ ಗಂಡನ ದನಿ ನಮ್ಮ ಅಡಿಗೆಮನೆಗೆ ಕೇಳ್ತದೆ. "ಲೇ, ಗೋವಾದಿಂದ ಇನ್ನೆರಡು ಚಪಾತಿ ತೆಗಿ."

೩. ಹರಕೆ

ಅಕ್ಕ, ನಾನು, ಸೊಸೆ, ಮೂರು ಟಿಕೆಟ್ಟಿಗೆ ಇನ್ನೂ ಒಂದಷ್ಟು ಪಾಯಿಂಟು ಸಾಲದು. ಯುಗಾದಿ ಹತ್ರ ಬಂತು. ಸೊಸೆ ಅಂದಳು, "ನಾವೇ ಕೊಳ್ಳಬೇಕು ಅಂತಿಲ್ಲ ಅತ್ತೆ. ಬೇರೆಯೋರು ಕೊಳ್ಳೋದಕ್ಕೆ ನಮ್ಮ ಕಾರ್ಡು ಉಜ್ಜಿ, ಅವರ ಹತ್ರ ನಗದು ಇಸ್ಕೊಂಡ್ರೂ ಪಾಯಿಂಟು ನಮಗೇ."

ಮದುವೆ ಕಾಲ. ಸೊಸೆಯನ್ನ ಎಳ್ಕೊಂಡು ದೊಡ್ಡದೊಂದು ಸೀರೆ ಅಂಗಡಿಗೆ ಹೋಗಿ ದುಡ್ಡು ಕಟ್ಟೋ ಜಾಗದಲ್ಲಿ ನಿಂತೆ. ಒಂದು ಮದುವೆ ಮನೆಯೋರು ಸೀರೆಗಂಟು ಹೊತ್ಕೊಂಡು ಬಂದ್ರು. ಹೆಣ್ಣಿನ ಅಜ್ಜಿ ನೋಟು ಎಣಿಸೋಕೆ ಶುರು ಮಾಡಿದ್ರು.

"ತಡೀರಮ್ಮ. ನಿಮ್ಮ ಸೀರೆಗೆ ನಮ್ಮ ಸೊಸೆ ಕಟ್ತಾಳೆ."

ಆಯಮ್ಮ ನನ್ನ ಮೇಲಿಂದ ಕೆಳಗೆ ನೋಡಿದ್ರು. "ಯಾಕೆ ತಾಯಿ?"

"ಸುಮ್ಮನೆ. ಆ ನೋಟು ನಮಗೆ ಕೊಟ್ರೆ ಸಾಕು."

ಆಯಮ್ಮ ಮಗಳ ಕಿವೀಲಿ, "ಪಾಪ, ಏನೋ ಹರಕೆ ಇರಬೇಕು" ಅಂದ್ರು. ಆಮೇಲೆ ನನ್ನ ಕಡೆ ತಿರುಗಿ, "ಯಾವ ದೇವರಿಗೆ?" ಅಂದ್ರು.

ಪಾಯಿಂಟಿನ ವಿಷ್ಯ ಬಿಡಿಸಿ ಹೇಳೋಕೆ ಹೋದ್ರೆ ಸಾಯಂಕಾಲ ಆಗೋದು. "ಕಾಶಿ ವಿಶ್ವನಾಥನಿಗೆ" ಅಂದೆ. ಸುಳ್ಳೇನಲ್ಲ.

ಆಯಮ್ಮನ ಕಣ್ಣು ಒದ್ದೆ ಆಯ್ತು. ಮೇಲಿನ ಅಂತಸ್ತಲ್ಲಿ ಸೀರೆ ಆರಿಸ್ತಿದ್ದ ನೆಂಟರನ್ನೆಲ್ಲ ಕೂಗಿ ಕರೆದ್ರು. ಗಂಡಿನ ಕಡೆಯೋರು, ಹೆಣ್ಣಿನ ಕಡೆಯೋರು ಎಲ್ಲಾ ಸಾಲಾಗಿ ನಿಂತ್ರು. ಸೊಸೆ ಕಾರ್ಡು ಉಜ್ಜಿ ಉಜ್ಜಿ ಸುಸ್ತಾದಳು. ನಾನು ನೋಟು ಇಸ್ಕೊಂಡು ಇಸ್ಕೊಂಡು ಚೀಲಕ್ಕೆ ತುರುಕಿದೆ. ಕೊನೇಲಿ ಸಂಬಂಧವೇ ಇಲ್ಲದ ಒಬ್ಬಾಕೆ ಮುಂದೆ ಬಂದು, "ನಂದು ಎರಡು ಕರ್ಚೀಫು ಅಷ್ಟೇ. ಹರಕೆಗೆ ನಡೀತದಾ?" ಅಂದಳು.

ನಡೀತದೆ ಅಂದೆ.

೪. ಪಂಕ್ತಿ

ಕರ್ಚೀಫಿನ ಪುಣ್ಯವೋ ಏನೋ, ಪಾಯಿಂಟು ಭರ್ತಿ ಆಯ್ತು, ಟಿಕೆಟ್ಟೂ ಆಯ್ತು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಲೌಂಜು ಅಂತ ಒಂದು ಜಾಗ. ಕಾರ್ಡಿದ್ದೋರು ಒಳಗೆ ಹೋಗಿ ಹೊಟ್ಟೆ ತುಂಬ ಉಣ್ಣಬಹುದು. ಸೊಸೆ ನಮ್ಮಿಬ್ಬರ ಹೆಸರಲ್ಲೂ ಒಂದೊಂದು ಮರಿ ಕಾರ್ಡು ಮಾಡಿಸಿದ್ದಳು. ಬಾಗಿಲಲ್ಲಿ ಮಿಷನ್ನು ತಲೆಗೆ ಎರಡು ರೂಪಾಯಿ ತಗೊಳ್ತು. ಅಕ್ಕ ಸೊಂಟದ ಚೀಲದಿಂದ ತನ್ನ ಎರಡು ರೂಪಾಯಿ ತೆಗೆದು ಸೊಸೆ ಕೈಗೆ ಇಟ್ಟೇ ಒಳಗೆ ಬಂದಳು.

ಇಡ್ಲಿ, ಬಿಸಿಬೇಳೆ ಬಾತು, ಪಾಯಸ, ಹಣ್ಣು. ಎಲ್ಲಾ ಮುಗಿಸಿ ಅಕ್ಕ ಕೇಳಿದಳು, "ಇಷ್ಟಕ್ಕೂ ಎರಡೇ ರೂಪಾಯಾ?"

"ಅಷ್ಟೇ ದೊಡ್ಡತ್ತೆ."

"ಹಂಗಾದ್ರೆ ಇದು ದಾಸೋಹ" ಅಂದಳು, ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ನಮ್ಮ ಮಠದ ದಾಸೋಹದಲ್ಲಿ ಉಂಡ ಮೇಲೆ ಒಂದು ಸಾಲಿಗಾದ್ರೂ ಬಡಿಸದೆ ಅಕ್ಕ ಹೊರಗೆ ಬಂದಿದ್ದೇ ಇಲ್ಲ. ನಾನು ಸೆರಗು ಹಿಡಿಯೋದರೊಳಗೆ ಸಾಂಬಾರಿನ ಸೌಟು ಅವಳ ಕೈಲಿತ್ತು.

ಲ್ಯಾಪ್‌ಟಾಪ್ ಇಟ್ಕೊಂಡು ಕೂತಿದ್ದ ಒಬ್ಬನ ಮುಂದೆ ನಿಂತಳು. "ಒಂದೇ ಇಡ್ಲೀನಾ ಮಗ? ಮನೇಲಿ ಏನಾದ್ರೂ ಬೇಜಾರಾ?"

"ಇಲ್ಲ ಆಂಟಿ, ಡಯಟ್ಟು."

"ಡಯಟ್ಟು ದುಡ್ಡು ಕೊಟ್ಟು ತಿನ್ನೋ ಕಡೆ ಮಾಡ್ಕೋ" ಅಂತ ಎರಡು ಇಡ್ಲಿ ಹಾಕಿದಳು. ಒಬ್ಬ ಬಿಳಿಯ ಸಾಹೇಬ ಬೇಡ ಬೇಡ ಅಂತ ಕೈ ಅಡ್ಡ ಹಿಡಿದ. ಬೆರಳ ಸಂದೀಲೇ ಪಾಯಸ ಬಿಟ್ಟಳು. ಅವನು ಬೆರಳು ನೆಕ್ಕಿ ಬಟ್ಟಲು ಮುಂದೆ ತಳ್ಳಿದ.

ಅಲ್ಲಿನ ಮ್ಯಾನೇಜರು ಓಡಿ ಬಂದ. "ಅಮ್ಮ, ನೀವು ಯಾವ ಶಿಫ್ಟು?"

"ಊಟ ಮುಗಿಯೋವರೆಗೂ. ನಿಂದಾಯ್ತಾ?"

ಅವನದು ಆಗಿರಲಿಲ್ಲ. ಅವನನ್ನೂ ಕೂರಿಸಿದಳು.

ಅಷ್ಟರಲ್ಲಿ ಹೊತ್ತು ನೋಡೋಕೆ ಹೊರಗೆ ಹೋಗಿದ್ದ ಸೊಸೆ ಬೆವರು ಒರೆಸ್ಕೊಂಡು ಬಂದಳು. "ದೊಡ್ಡತ್ತೆ, ನಮ್ಮ ಗೇಟು ಮುಚ್ತಿದ್ದಾರೆ. ವಿಮಾನ ತಪ್ಪಿದ್ರೆ ಪಾಯಿಂಟೂ ಹೋಯ್ತು, ಕಾಶಿಯೂ ಹೋಯ್ತು."

"ಪಂಕ್ತಿ ಏಳದೆ ಬಡಿಸೋರು ಬಿಟ್ಟು ಹೋಗಬಾರದು ಕಣಮ್ಮ."

ಮಾತು ಸರಿ. ಆದ್ರೆ ಆ ಲೌಂಜಿನ ಪಂಕ್ತಿ ಏಳೋದು ಯಾವಾಗ? ಒಬ್ಬ ಎದ್ರೆ ಇಬ್ಬರು ಬಂದು ಕೂರ್ತಾರೆ. ಸೊಸೆ ಮುಖ ಅಳೋ ಹಾಗಾಯ್ತು. ನಾನು ಮಧ್ಯದಲ್ಲಿ ನಿಂತು ಗಂಟಲೆತ್ತಿ ಕೂಗಿದೆ. "ಸ್ವಾಮಿ, ಎಲ್ಲರೂ ಒಂದು ನಿಮಿಷ ಎದ್ದು ನಿಲ್ಲಿ. ನೀವು ಎದ್ರೆ ನಮ್ಮಕ್ಕ ಕಾಶಿಗೆ ಹೋಗ್ತಾಳೆ."

ಮೊದಲು ಮ್ಯಾನೇಜರು ತುಂಬಿದ ಬಾಯಲ್ಲೇ ಎದ್ದ. ಆಮೇಲೆ ಲ್ಯಾಪ್‌ಟಾಪಿನೋನು. ಅವರನ್ನ ನೋಡಿ ಸಾಹೇಬ. ಮೂಲೇಲಿದ್ದ ಒಬ್ಬರು ರಾಷ್ಟ್ರಗೀತೆ ಅಂದ್ಕೊಂಡ್ರೋ ಏನೋ, ಚಮಚ ತೊಡೆಗೆ ಒತ್ತಿಕೊಂಡು ನೆಟ್ಟಗೆ ನಿಂತುಬುಟ್ರು. ಇಡೀ ಲೌಂಜು ತಟ್ಟೆ ಹಿಡ್ಕೊಂಡು ಎದ್ದು ನಿಂತಿತು.

ಅಕ್ಕ ಸುತ್ತ ನೋಡಿದಳು. "ಎಲ್ಲರಿಗೂ ಹೊಟ್ಟೆ ತುಂಬ್ತಾ?"

"ತುಂಬ್ತು" ಅಂದ್ರು. ಕನ್ನಡ ಬಾರದೋರೂ ಅಂದ್ರು.

ಸೌಟು ಇಟ್ಟು, ಕೈ ತೊಳೆದು, ಎಲ್ಲರಿಗೂ ಕೈ ಮುಗಿದು ಬಂದಳು. ಆಮೇಲೆ ನಾವು ಮೂರೂ ಜನ ಓಡಿದ್ದನ್ನ ಮಾತ್ರ ಕೇಳಬೇಡಿ. ನಾವು ಒಳಗೆ ಕಾಲಿಟ್ಟಿದ್ದೇ ಬಾಗಿಲು ಹಾಕಿದ್ರು.

ವಿಮಾನ ಮೇಲೇರಿತು. ಅಕ್ಕ ಕಿಟಕಿ ಪಕ್ಕ ಕೂತು ಮೋಡ ನೋಡಿದಳು, ಕೈ ಮುಗಿದಳು, ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡಳು. ಆಗ ಹಿಂದಿನಿಂದ ಗಡಗಡ ಸದ್ದು. ವಿಮಾನದ ಹುಡುಗಿ ಊಟದ ಗಾಡಿ ತಳ್ಕೊಂಡು ಬಂದಳು. ಅಕ್ಕ ನನ್ನ ಕೈ ಬಿಟ್ಟಳು.

"ನೋಡೇ, ಇಷ್ಟು ಜನಕ್ಕೆ ಆ ಮಗು ಒಬ್ಬಳೇ ಬಡಿಸ್ತಾವಳೆ" ಅಂತ ಸೆರಗು ಸಿಕ್ಕಿಸಿ, ಸೊಂಟದ ಬೆಲ್ಟು ಹಿಡಿದು ಜಗ್ಗೋಕೆ ಶುರು ಮಾಡಿದಳು. "ಇದನ್ನ ಬಿಚ್ಚೋದು ಹೆಂಗೆ?"

ಸೊಸೆ ನನ್ನ ಮುಖ ನೋಡಿದಳು. ನಾನು ಸೊಸೆ ಮುಖ ನೋಡಿದೆ.

"ಅದು ಕಾಶಿ ಬಂದ ಮೇಲೆ ತಾನೇ ಬಿಚ್ಚಿಕೊಳ್ತದೆ ಕಣಕ್ಕ" ಅಂದೆ.