ಹಗಲಿನ ಕಾರು, ಇರುಳಿನ ಕಾರು

ಹಳೆಯ ವಾಹನವು ಹಳೆಯದಾಗಿಯೇ ಇರತಕ್ಕದ್ದು. ಹಳೆಯದಾಗಿಲ್ಲದ ಹಳೆಯ ವಾಹನವನ್ನು ಗುಜರಿಗೆ ಹಾಕತಕ್ಕದ್ದು. ಪಾರಂಪರಿಕ ವಾಹನ ಮಾನ್ಯತಾ ಕಚೇರಿಯ ನಿಯಮಾವಳಿಯಲ್ಲಿ ಈ ಎರಡು ವಾಕ್ಯಗಳು ಬಹಳ ಹಿಂದಿನಿಂದಲೂ ಇದ್ದವು. ಅವುಗಳನ್ನು ಯಾರೂ ಓದಿರಲಿಲ್ಲವಾದ್ದರಿಂದ ಊರಿನಲ್ಲಿ ಎಲ್ಲರೂ ನೆಮ್ಮದಿಯಾಗಿದ್ದರು.

ಹಲ್ಲಿನ ಡಾಕ್ಟರೂ ನೆಮ್ಮದಿಯಾಗಿದ್ದರು. ಅವರ ಕಾರು ತಂದೆಯ ಕಾಲದ್ದು. ಮೂತಿ ಉದ್ದ, ಬೆನ್ನು ಗುಂಡಗೆ, ಮುಂದೆ ಎರಡು ದುಂಡು ದೀಪ. "ಈ ಕಾರಿನಲ್ಲಿ ಒಂದೇ ಒಂದು ಸ್ಕ್ರೂ ಕೂಡ ಹೊಸದಲ್ಲ" ಎಂದು ರೋಗಿಗಳ ಬಾಯೊಳಗೆ ಕೈಯಿಟ್ಟುಕೊಂಡು ಹೇಳುವುದು ಅವರ ವಾಡಿಕೆ. ಆ ಸ್ಥಿತಿಯಲ್ಲಿ ಯಾರೂ ಎದುರು ಮಾತಾಡಿದ್ದಿಲ್ಲ. ಅರ್ಧ ಊರಿಗೆ ಹಲ್ಲು ಕಟ್ಟಿಕೊಟ್ಟವರು, ತಾವೂ ಕಟ್ಟಿಸಿದ ಹಲ್ಲಿನಲ್ಲೇ ಉಣ್ಣುವವರು, ಕಾರಿನ ವಿಷಯಕ್ಕೆ ಬಂದರೆ ಮಾತ್ರ ಹುಟ್ಟುವಾಗ ಬಂದದ್ದೇ ಕೊನೆತನಕ ಇರಬೇಕು ಅನ್ನುವ ಹಠದವರು. ಸ್ಟಿಯರಿಂಗನ್ನು ಇನ್ನೊಬ್ಬರ ಕೈಗೆ ಕೊಟ್ಟವರೂ ಅಲ್ಲ.

ಅವರ ಹೆಂಡತಿ ಮದುವೆಯಾದಾಗಿನಿಂದ ಪಕ್ಕದ ಸೀಟಿನಲ್ಲಿ ಕೂತಿದ್ದರು. ಅಲ್ಲಿ ಬ್ರೇಕ್ ಇಲ್ಲ. ಆದರೂ ಪ್ರತಿ ತಿರುವಿನಲ್ಲಿ, ಎದುರಿಗೆ ಲಾರಿ ಕಂಡಾಗಲೆಲ್ಲ, ಆಕೆ ಬಲಗಾಲನ್ನು ನೆಲಕ್ಕೆ ಊರಿ ಒತ್ತುತ್ತಿದ್ದರು. ಒತ್ತಿ ಒತ್ತಿ ಆ ಜಾಗದ ರಬ್ಬರ್ ಹಾಸು ಸವೆದು, ಅಂಗಾಲು ಹಿಡಿಯುವಷ್ಟು ಗುಳಿ ಬಿದ್ದು, ತಳದ ತಗಡು ಫಳಫಳ ಹೊಳೆಯುತ್ತಿತ್ತು. ಡಾಕ್ಟರು ಇದನ್ನು ರಬ್ಬರಿನ ದೋಷವೆಂದು ತಿಳಿದಿದ್ದರು.

ಪಕ್ಕದ ಊರಿನಲ್ಲಿ ಹೆಂಡತಿಯ ಅಕ್ಕ ಹಾಸಿಗೆ ಹಿಡಿದಿದ್ದರು. ವಾರಕ್ಕೊಂದು ದಿನ ಕ್ಲಿನಿಕ್ಕಿಗೆ ಬೀಗ ಹಾಕಿದ ಮೇಲೆ ಇಬ್ಬರೂ ಅಲ್ಲಿಗೆ ಹೋಗಿಬರಬೇಕು. ಹೊರಡುವಾಗ ಬೆಳಕು, ದಾರಿಯಲ್ಲೇ ಕತ್ತಲು. ಕಾರಿನ ಹಳೆಯ ಬಲ್ಬುಗಳೋ, ತುಪ್ಪದ ಬಣ್ಣದ ಬೆಳಕನ್ನು ಬಾನೆಟ್ಟಿನ ತುದಿಯವರೆಗೆ ತಂದು, ಅಲ್ಲಿಗೆ ತಮ್ಮ ಕರ್ತವ್ಯ ಮುಗಿಯಿತೆಂದು ಭಾವಿಸುತ್ತಿದ್ದವು. ಒಂದು ಸಂಜೆ ಡಾಕ್ಟರು ರಸ್ತೆಯೆಂದುಕೊಂಡು ಕ್ಷೌರದಂಗಡಿಯ ಜಗಲಿಗೆ ಕಾರು ಹತ್ತಿಸಿದರು. ಒಳಗೆ ಗಡ್ಡ ಮಾಡಿಸಿಕೊಳ್ಳುತ್ತಿದ್ದವನು ಅರ್ಧ ಮುಖದ ಸೋಪಿನಲ್ಲೇ ಎದ್ದುನಿಂತು, "ಡಾಕ್ಟ್ರೇ, ಹಲ್ಲು ಈಗ ಪರವಾಗಿಲ್ಲ" ಎಂದ.

ಹೆಂಡತಿ ಕೆಳಗಿಳಿದು ಸೆರಗು ಕೊಡವಿಕೊಂಡರು. "ರೀ, ನಿಮ್ಮ ದೀಪ ಹತ್ತಿದೆಯೋ ಇಲ್ವೋ ನೋಡೋಕೆ ಇನ್ನೊಂದು ದೀಪ ಬೇಕು. ಇದು ಬದಲಾಗೋವರೆಗೂ ಹೊತ್ತು ಮುಳುಗಿದ ಮೇಲೆ ನಾನು ಈ ಕಾರು ಹತ್ತಲ್ಲ."

ಮುಂದಿನ ವಾರ ಡಾಕ್ಟರು ಒಬ್ಬರೇ ಹೋದರು. ಅಕ್ಕ "ಅವಳೆಲ್ಲಿ?" ಎಂದು ಕೇಳಿ ಗೋಡೆಯ ಕಡೆ ಮಗ್ಗುಲಾದರು. ಬರುವಾಗ ದಾರಿಯುದ್ದಕ್ಕೂ "ನಿಧಾನ, ನಿಧಾನ" ಅನ್ನುವವರಿಲ್ಲ. ನಿಧಾನ ಅನ್ನುವವರೇ ಇಲ್ಲದ ಮೇಲೆ ಜೋರಾಗಿ ಹೋಗಿ ಮಾಡುವುದೇನು? ಡಾಕ್ಟರಿಗೆ ಬಹಳ ಬೇಸರವಾಯಿತು. ಬೆಳಗಾದ ಕೂಡಲೇ ಎಲ್‌ಇಡಿ ಬಲ್ಬು ಹಾಕಿಸಲು ನಿರ್ಧರಿಸಿದರು.

ವೈರಿಂಗ್ ಕೆಲಸದ ಶಾಕ್ ಮಾಮ ಎಲ್ಲ ದೀಪಗಳಿಗೂ ಹೊಸ ಬಲ್ಬು ಕೂರಿಸಿದ. ಹತ್ತಲಿಲ್ಲ. ಬ್ಯಾಟರಿಯ ಹತ್ತಿರ ಬಗ್ಗಿ ನೋಡಿ, "ಡಾಕ್ಟ್ರೇ, ನಿಮ್ಮ ಕಾರಲ್ಲಿ ಕರೆಂಟೂ ಹಿಂದಿನ ಕಾಲದ್ದು, ಉಲ್ಟಾ ಹರಿಯತ್ತೆ" ಎಂದು ವೈರುಗಳನ್ನು ಅದಲುಬದಲು ಮಾಡಿದ. ದೀಪ ಹತ್ತಿತು. ಆದರೆ ಸಿಗ್ನಲ್ ಲೈಟು ಕಳ್ಳನನ್ನು ಕಂಡ ನಾಯಿಯ ಹಾಗೆ ಬಿಡುವಿಲ್ಲದೆ ಮಿಟುಕತೊಡಗಿತು. "ಬಲ್ಬು ತುಂಬ ಕಡಿಮೆ ಕರೆಂಟು ತಿನ್ನತ್ತೆ. ಅದಕ್ಕೇ ಇದಕ್ಕೆ ಗಾಬರಿ" ಎಂದು ಮಿಟುಕಿಸುವ ಡಬ್ಬಿಯನ್ನೂ ಬದಲಿಸಿದ. ಆ ಸಂಜೆ ಕಾರಿನ ಬೆಳಕು ಬೀದಿಯ ಕೊನೆಯ ಮನೆಯ ಗೋಡೆಯ ಬಿರುಕನ್ನೂ ತೋರಿಸಿತು. ಹೆಂಡತಿ ನೋಡಿದರು, ಹತ್ತಿ ಕೂತರು.

ತೊಂದರೆ ಆದದ್ದು ವಾರ್ಷಿಕ ತಪಾಸಣೆಯ ದಿನ. ಮಾನ್ಯತಾ ಕಚೇರಿಯಲ್ಲಿ ಬಹುಕಾಲದಿಂದ ಬೆಳಕಿರಲಿಲ್ಲ. ಕಿಟಕಿಗೆ ಅಡ್ಡಲಾಗಿ ಬೀರುಗಳು ನಿಂತಿದ್ದವು, ಟ್ಯೂಬ್‌ಲೈಟು ಸುಟ್ಟುಹೋಗಿತ್ತು. ಹೊಸ ಟ್ಯೂಬ್‌ಲೈಟಿಗೆ ಮಂಜೂರಾತಿ ಸಿಕ್ಕಿತ್ತಾದರೂ ಆ ಕಡತವು ಕತ್ತಲಲ್ಲಿ ಸಿಗುತ್ತಿರಲಿಲ್ಲ. ನಿಯಮಾವಳಿಯೂ ಸಿಗುತ್ತಿರಲಿಲ್ಲವಾದ್ದರಿಂದ ಪರಿವೀಕ್ಷಕರು ವಾಹನಗಳನ್ನು ಕೈಯಿಂದ ತಡವಿ, ಹಳೆಯದೆನಿಸಿದರೆ ಸಹಿ ಹಾಕುತ್ತಿದ್ದರು. ಅಂದು ಪೆನ್ನು ಕೆಳಗೆ ಬಿತ್ತು.

"ಡಾಕ್ಟ್ರೇ, ಸ್ವಲ್ಪ ನಿಮ್ಮ ಲೈಟು ಈ ಕಡೆ ಬಿಡ್ತೀರಾ?"

ಡಾಕ್ಟರು ಕಾರನ್ನು ಬಾಗಿಲಿಗೆ ತಿರುಗಿಸಿ ಗುಂಡಿ ಒತ್ತಿದರು. ಕಚೇರಿ ಹಗಲಾಯಿತು. ಗೋಡೆಯ ಬಣ್ಣ ಹಸಿರು ಎಂದು ಸಿಬ್ಬಂದಿಗೆ ತಿಳಿದುಬಂತು. ಮೂಲೆಯ ಮೇಜಿನ ಗುಮಾಸ್ತೆ ಎದುರು ಮೇಜಿನವನನ್ನು ನೋಡಿ, "ನಿಮಗೆ ಮೀಸೆ ಇದೆಯಾ?" ಎಂದಳು. ಪರಿವೀಕ್ಷಕರಿಗೆ ಪೆನ್ನಿನ ಜೊತೆಗೆ ನಿಯಮಾವಳಿಯೂ ಸಿಕ್ಕಿತು. ಅವರು ಅದನ್ನು ನಿಂತಲ್ಲೇ ಓದಿದರು. ಓದಿ ಮುಗಿಸಿ ಹೊರಬಂದಾಗ ಮುಖ ಸಣ್ಣಗಾಗಿತ್ತು.

"ಡಾಕ್ಟ್ರೇ, ಒಂದು ಅನಾಹುತ ಆಯ್ತು."

"ಏನು?"

"ನಾನು ನಿಯಮ ಓದಿಬಿಟ್ಟೆ. ಇಷ್ಟು ಬೆಳಕು ಹಳೇ ಕಾರಲ್ಲಿ ಇರೋ ಹಾಗಿಲ್ಲ."

"ಮತ್ತೆ ಈಗ ನೀವೇ ಕೇಳಿದ್ರಲ್ಲ?"

"ಕೇಳಿದ್ದು ವೈಯಕ್ತಿಕವಾಗಿ. ನೋಡಿದ್ದು ಅಧಿಕೃತವಾಗಿ."

ಕಾರು ಹಳೆಯದಲ್ಲವಾದರೆ ಗುಜರಿ. ಹಳೆಯದಾಗಬೇಕಾದರೆ ಹಳೆಯ ಬಲ್ಬು. ಆಗ ಹೆಂಡತಿ ಹತ್ತುವುದಿಲ್ಲ, ಅಕ್ಕ ಗೋಡೆಯ ಕಡೆ ಮಗ್ಗುಲಾಗುತ್ತಾರೆ. ಅತ್ತ ದರಿ, ಇತ್ತ ಪುಲಿ. ಡಾಕ್ಟರು ಮೇಲ್ಮನವಿ ಸಲ್ಲಿಸಿದರು. ಈ ನಡುವೆ ಕಚೇರಿಯ ಗೇಟಿನ ಬಳಿ "ಅಸಲಿ ಮಂದ ಬೆಳಕಿನ ಬಲ್ಬುಗಳು ತಪಾಸಣೆಯ ಮಟ್ಟಿಗೆ ಬಾಡಿಗೆಗೆ ದೊರೆಯುತ್ತವೆ" ಎಂಬ ಬೋರ್ಡು ಎದ್ದಿತು. ಅಂಗಡಿ ಪರಿವೀಕ್ಷಕರ ಬಾಮೈದನದು. ಸಾರ್ವಜನಿಕರ ಅನುಕೂಲಕ್ಕಾಗಿ ಅವನು ಕೆಲವು ಒಳ್ಳೆಯ ಬಲ್ಬುಗಳಿಗೆ ಮಸಿ ಹಚ್ಚುತ್ತಿದ್ದ. ಡಾಕ್ಟರಿಗೆ ಮಾತ್ರ ಆ ಸೌಲಭ್ಯ ದೊರೆಯಲಿಲ್ಲ, ಏಕೆಂದರೆ ಒಮ್ಮೆ ಅಧಿಕೃತವಾಗಿ ಕಂಡ ಬೆಳಕನ್ನು ಕಾಣಲಿಲ್ಲವೆಂದು ಬರೆಯಲು ಅವಕಾಶವಿರಲಿಲ್ಲ.

ವಿಚಾರಣೆ ಮೇಲಧಿಕಾರಿಗಳ ಮುಂದೆ ನಡೆಯಿತು. ಅವರಿಗೆ ಮನವಿಯನ್ನು ಓದಬೇಕಾಗಿದ್ದರಿಂದ ಸದರಿ ಕಾರಿನ ಬೆಳಕನ್ನೇ ಬಾಗಿಲಿನಿಂದ ಒಳಗೆ ಬಿಡಲಾಗಿತ್ತು.

"ಸ್ವಾಮಿ, ನಾನು ಕಟ್ಟಿಸಿದ ಹಲ್ಲು ಹಾಕ್ಕೊಂಡಿದೀನಿ," ಎಂದರು ಡಾಕ್ಟರು. "ಹಾಗಂತ ನನಗೆ ವಯಸ್ಸು ಕಡಿಮೆ ಆಯ್ತಾ? ಹಳಬ ಹಳಬನೇ ಅಲ್ವಾ?"

ಮೇಲಧಿಕಾರಿಗಳು ಗಂಭೀರವಾಗಿ ಆಲೋಚಿಸಿದರು. "ಹಲ್ಲು ನಮ್ಮ ವ್ಯಾಪ್ತಿಗೆ ಬರಲ್ಲ. ಆ ಪ್ರಶ್ನೆನ ಹಿರಿಯ ನಾಗರಿಕರ ಇಲಾಖೆಗೆ ಕಳಿಸ್ತೀವಿ. ಕಾರಿನ ಬಗ್ಗೆ ಹೇಳಿ."

ಇಡೀ ಕಚೇರಿಗೆ ಬೆಳಕು ಕೊಟ್ಟವರಿಗೆ ದೀಪದ ಬುಡದ ಕತ್ತಲೇ ಗತಿಯಾಯಿತು. ಅಲ್ಲಿಯವರೆಗೂ ಬೆಂಚಿನ ಮೇಲೆ ಕೂತಿದ್ದ ಹೆಂಡತಿ ಆಗ ಕೇಳಿದರು.

"ಸಾರ್, ಹಗಲು ಹೊತ್ತು ಲೈಟು ಯಾರು ಹಾಕ್ತಾರೆ?"

"ಯಾರೂ ಹಾಕಲ್ಲಮ್ಮ."

"ಹಾಗಾದ್ರೆ ಹಗಲು ಹೊತ್ತು ಇದು ಹಳೇ ಕಾರೇ ಅಲ್ವಾ?"

ಸಭೆಯಲ್ಲಿ ಸೂಜಿ ಬಿದ್ದರೂ ಕೇಳಿಸುವಂತಾಯಿತು. ಸೂಜಿ ಬಿದ್ದಿದ್ದರೆ ಆ ಬೆಳಕಿನಲ್ಲಿ ಸಿಗುತ್ತಲೂ ಇತ್ತು. ಮೇಲಧಿಕಾರಿಗಳು ಕನ್ನಡಕ ಒರೆಸಿಕೊಂಡು ಆದೇಶ ಹೊರಡಿಸಿದರು.

"ಸದರಿ ವಾಹನವನ್ನು ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಹಳೆಯ ವಾಹನವೆಂದೂ, ತದನಂತರ ಹೊಸ ವಾಹನವೆಂದೂ ಪರಿಗಣಿಸತಕ್ಕದ್ದು. ಎರಡು ವಾಹನಗಳಿಗೂ ಪ್ರತ್ಯೇಕ ಶುಲ್ಕ ಪಾವತಿಸತಕ್ಕದ್ದು. ಒಬ್ಬರೇ ಮಾಲೀಕರ ಎರಡು ವಾಹನಗಳು ಒಂದೇ ಜಾಗದಲ್ಲಿ ನಿಲ್ಲುವಂತಿಲ್ಲವಾದ್ದರಿಂದ, ಇರುಳಿನ ವಾಹನವು ಪತ್ನಿಯ ಹೆಸರಿನಲ್ಲಿರತಕ್ಕದ್ದು. ಹೊಸ ವಾಹನವನ್ನು ಅದರ ಮಾಲೀಕರೇ ಚಲಾಯಿಸತಕ್ಕದ್ದು. ಮತ್ತು ಇರುಳಿನ ವಾಹನವು ಆಗಾಗ್ಗೆ ಕಚೇರಿಗೆ ಹಾಜರಾಗಿ, ಬಾಕಿ ಕಡತಗಳು ಮುಗಿಯುವವರೆಗೆ ಬಾಗಿಲಿಗೆ ಮುಖಮಾಡಿ ನಿಲ್ಲತಕ್ಕದ್ದು."

ಡಾಕ್ಟರು ಮೇಜಿನತ್ತ ಬಗ್ಗಿದರು. "ಅವಳಿಗೆ ಡ್ರೈವಿಂಗೇ ಬರಲ್ಲ ಸ್ವಾಮಿ. ಲೈಸೆನ್ಸೂ ಇಲ್ಲ."

ಹೆಂಡತಿ ಪರ್ಸಿನಿಂದ ಲೈಸೆನ್ಸ್ ತೆಗೆದು ಮೇಜಿನ ಮೇಲಿಟ್ಟರು. ಮದುವೆಗೆ ಮುಂಚಿನದು. ಪ್ರತಿ ಸಲವೂ ಸರಿಯಾಗಿ ನವೀಕರಣವಾಗಿತ್ತು.

"ಇದನ್ನ ಯಾವಾಗ ರಿನ್ಯೂ ಮಾಡಿಸ್ತಿದ್ದೆ?" ಎಂದರು ಡಾಕ್ಟರು.

"ನೀವು ಕಾರಿನ ಕ್ಯೂನಲ್ಲಿ ನಿಂತಿರ್ತಿದ್ರಲ್ಲ, ನಾನು ಪಕ್ಕದ ಕ್ಯೂನಲ್ಲೇ ಇರ್ತಿದ್ದೆ."

"ಒಂದು ಮಾತು ಹೇಳಬಾರದಿತ್ತಾ?"

"ಕಾರಿನೊಳಗೆ ನಾನು ಹೇಳೋದು ನಿಮಗೆ ಯಾವತ್ತು ಕೇಳಿಸಿದೆ?"

ಇದು ಕಾರಿನ ವಿಷಯವೋ ಸಂಸಾರದ ವಿಷಯವೋ ಸ್ಪಷ್ಟವಾಗದ ಕಾರಣ ಕಚೇರಿಯು ಮಧ್ಯಪ್ರವೇಶಿಸಲಿಲ್ಲ.

ಆ ವಾರವೇ ಆದೇಶ ಜಾರಿಗೆ ಬಂತು. ಕ್ಲಿನಿಕ್ಕಿಗೆ ಬೀಗ ಹಾಕಿ ಡಾಕ್ಟರು ಹಗಲಿನ ಕಾರಿನಲ್ಲಿ ಹೊರಟರು. ಊರು ದಾಟುವ ಮೊದಲೇ ಹೊತ್ತು ಮುಳುಗಿತು. ರಸ್ತೆಯ ಪಕ್ಕ ನಿಲ್ಲಿಸಿ, ಇಬ್ಬರೂ ಇಳಿದು, ಬಾನೆಟ್ಟಿನ ಮುಂದೆ ಎದುರುಬದುರಾದರು. ಡಾಕ್ಟರು ಬೀಗದ ಕೈಯನ್ನು ತಮ್ಮ ಮುಂಗೈಯೇ ಕಿತ್ತುಕೊಡುವವರ ಹಾಗೆ ಕೊಟ್ಟರು. ನಿಯಮದಂತೆ "ಹಗಲಿನ ವಾಹನದ ಸಂಚಾರ ಮುಕ್ತಾಯವಾಗಿದೆ" ಎಂದು ಹೇಳಬೇಕಿತ್ತು. ಅದರ ಬದಲು "ಕ್ಲಚ್ಚು ಸ್ವಲ್ಪ ಬಿಗಿ, ಹುಷಾರು" ಎಂದಷ್ಟೇ ಹೇಳಿದರು.

ಮೊದಲ ಸಲ ಅವರು ಪಕ್ಕದ ಸೀಟಿನಲ್ಲಿ ಕೂತರು. ಅಲ್ಲಿಂದ ರಸ್ತೆ ಬೇರೆಯೇ ಥರ ಕಾಣುತ್ತಿತ್ತು. ಕ್ಷೌರದಂಗಡಿಯ ಜಗಲಿ ಇಷ್ಟು ಹತ್ತಿರವೇ? ಚರಂಡಿ ಇಷ್ಟು ಆಳವೇ? ಎಲ್‌ಇಡಿ ಬೆಳಕು ಒಂದನ್ನೂ ಮುಚ್ಚಿಡಲಿಲ್ಲ. ತಿರುವು ಬಂತು, ತಿರುವಿನಲ್ಲಿ ಲಾರಿ ಬಂತು. ಡಾಕ್ಟರ ಬಲಗಾಲು ಅವರನ್ನು ಕೇಳದೆಯೇ ಮುಂದೆ ಹೋಗಿ ನೆಲವನ್ನು ಒತ್ತಿತು. ಅಂಗಾಲಿಗೆ ಗುಳಿ ಸಿಕ್ಕಿತು. ತಣ್ಣನೆಯ ತಗಡು. ಇಷ್ಟು ವರ್ಷ ಇಲ್ಲಿ ಒಬ್ಬಳು ಹೀಗೇ ಕೂತಿದ್ದಳು ಎಂದು ಅವರಿಗೆ ಅನ್ನಿಸಿತು. ಅನ್ನಿಸಿ, ನಾಚಿಕೆಯಾಯಿತು.

"ನಿಧಾನ, ನಿಧಾನ," ಎಂದರು.

"ಅಲ್ಲಿ ಬ್ರೇಕ್ ಇಲ್ಲ ರೀ."

"ಗೊತ್ತು."

ಲಾರಿ ಪಕ್ಕದಲ್ಲೇ ಹಾದುಹೋಯಿತು. ಅಕ್ಕ ಅಂದು ಗೋಡೆಯ ಕಡೆ ತಿರುಗಲಿಲ್ಲ. ತಂಗಿಯೇ ಕಾರು ಓಡಿಸಿಕೊಂಡು ಬಂದಳೆಂದು ಕೇಳಿ ದಿಂಬಿಗೆ ಒರಗಿ ಎದ್ದು ಕೂತರು.

ಈಗ ಈ ವ್ಯವಸ್ಥೆ ಊರಿಗೆಲ್ಲ ಒಗ್ಗಿಹೋಗಿದೆ. ಸಂಜೆ ಯಾರಾದರೂ ಕೈಯಡ್ಡ ಹಾಕಿದರೆ "ಈಗ ಯಾವ ಕಾರು?" ಎಂದು ಕೇಳಿಯೇ ಹತ್ತುತ್ತಾರೆ. ಹಿರಿಯ ನಾಗರಿಕರ ಇಲಾಖೆಯಿಂದಲೂ ಉತ್ತರ ಬಂತು: ಕಟ್ಟಿಸಿದ ಹಲ್ಲು ಧರಿಸಿರುವ ಅವಧಿಯಲ್ಲಿ ಅರ್ಜಿದಾರರು ಹಿರಿಯರಲ್ಲ. ಅದರಂತೆ ಡಾಕ್ಟರು ಬಸ್ಸಿನಲ್ಲಿ ರಿಯಾಯಿತಿ ಟಿಕೆಟ್ ಕೇಳುವಾಗ ಹಲ್ಲು ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾರೆ. ಕಂಡಕ್ಟರ್ ಜೇಬು ಮುಟ್ಟಿ ನೋಡಿ ಟಿಕೆಟ್ ಹರಿಯುತ್ತಾನೆ.

ಮುಂದಿನ ತಪಾಸಣೆಯಲ್ಲಿ ಪರಿವೀಕ್ಷಕರು ಪಕ್ಕದ ಸೀಟಿನ ಕೆಳಗಿನ ಗುಳಿಯನ್ನು ಗಮನಿಸಿದರು. ಯಾವ ಪೆಡಲೂ ಇಲ್ಲದ ಕಡೆ ಇಂಥ ಸವೆತ ಹೇಗೆ ಬಂತೆಂದು ವಿಚಾರಿಸಿದರು. ಡಾಕ್ಟರೂ ಹೆಂಡತಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸದರಿ ಗುಳಿಯು ಬಹಳ ಹಿಂದಿನದೆಂದು ಖಚಿತಪಟ್ಟಿದ್ದರಿಂದ, ಅದನ್ನು ಕಾರಿನ ಮೂಲ ಭಾಗವೆಂದು ಘೋಷಿಸಿ, ಯಾವ ಕಾರಣಕ್ಕೂ ಮುಚ್ಚತಕ್ಕದ್ದಲ್ಲವೆಂದು ಬರೆಯಲಾಯಿತು. ಡಾಕ್ಟರು ಸಂತೋಷದಿಂದ ಸಹಿ ಹಾಕಿದರು. ವಾರಕ್ಕೊಮ್ಮೆ, ಹೊತ್ತು ಮುಳುಗಿದ ಮೇಲೆ, ಅದನ್ನು ಇನ್ನಷ್ಟು ಹಳೆಯದು ಮಾಡುತ್ತಿದ್ದಾರೆ.