ನಾಕು ಗಾಲಿಯ ಗರಜು

ಮನುಷ್ಯನಿಗೆ ತನ್ನ ಯೋಗ್ಯತೆ ಎಷ್ಟೆಂದು ತಿಳಿಯುವುದು ಕಷ್ಟ. ನನಗೆ ಆ ಕಷ್ಟವಿರಲಿಲ್ಲ. ಕೊಪ್ಪಳದ ನಮ್ಮ ಕಚೇರಿಯ ಜೀಪು ಅದನ್ನು ಆಗಾಗ ತೋರಿಸಿಕೊಡುತ್ತಿತ್ತು. ಎಪ್ಪತ್ತರ ದಶಕದ ಆ ಜೀಪಿನಲ್ಲಿ ದೊಡ್ಡ ಗೇರಿನ ಪಕ್ಕದಲ್ಲಿ ಒಂದು ಸಣ್ಣ ಗೇರು ಇತ್ತು. ಅದನ್ನು ಹಾಕಿದರೆ ಹಿಂದಿನ ಗಾಲಿಗಳ ಜೊತೆ ಮುಂದಿನವೂ ಗಾಡಿಯನ್ನು ಎಳೆಯುತ್ತವೆ. ಹೊಸ ಜೀಪು ಬಂದ ದಿನ ನಮ್ಮ ಸಾಹೇಬರು ಡ್ರೈವರ್ ಹುಲಿಗೆಪ್ಪನನ್ನು ಕರೆದು, "ನೋಡು, ಗರಜಿದ್ದಾಗ ಮಾತ್ರ ನಾಕು ಗಾಲಿ ಹಾಕಬೇಕು" ಎಂದು ಹುಕುಂ ಮಾಡಿದರು. ಯಾರ ಗರಜು, ಯಾರ ಅಗತ್ಯ ಎಂಬುದನ್ನು ಮಾತ್ರ ಅವರು ಹೇಳಲಿಲ್ಲ.

ಅದು ರಸ್ತೆಯ ಗರಜು ಎಂದು ನಾವೆಲ್ಲ ಅಂದುಕೊಂಡೆವು. ಒಳಗೆ ಕುಳಿತವರ ಗರಜು ಎಂದು ಹುಲಿಗೆಪ್ಪ ಅಂದುಕೊಂಡ. ಸಾಹೇಬರು ಗಂಗಾವತಿಗೆ ಹೊರಟರೆ, ಕನ್ನಡಿಯಂಥ ಡಾಂಬರಿನ ಮೇಲೂ ನಾಕು ಗಾಲಿ. ತಿರುವಿನಲ್ಲಿ ಸ್ಟೇರಿಂಗ್ ಹಟ ಹಿಡಿಯುತ್ತಿತ್ತು, ಟಯರುಗಳು ಕುಯ್ಯೋ ಎನ್ನುತ್ತಿದ್ದವು. ತಮ್ಮ ಹುದ್ದೆಯ ಭಾರಕ್ಕೆ ಗಾಡಿ ಹೀಗೆ ಮಾಡುತ್ತದೆಂದು ಸಾಹೇಬರು ನಂಬಿದ್ದರು. ವರ್ಷ ತುಂಬುವುದರೊಳಗೆ ಟಯರುಗಳು ನನ್ನ ತಲೆಯಂತೆ ನುಣ್ಣಗಾದವು. ನಾನು ಆನೆಗೊಂದಿಯ ಹೊಳೆಯ ಉಸುಕಿಗೆ ಹೋದಾಗಲೋ, ಎರಡೇ ಗಾಲಿ. ಗಾಡಿ ಹೂತುಕೊಂಡಿತು, ನಾನು ಹಿಂದೆ ನಿಂತು ನೂಕಿದೆ, ಉಸುಕೆಲ್ಲ ನನ್ನ ಬಾಯಿಗೆ ಬಂತು. ಕುಷ್ಟಗಿಯ ಕಡೆಯ ಕೆಂಪು ಮಸಾರಿ ನೆಲವೊಂದೇ ನನಗೆ ಪ್ರೀತಿ. ಮಳೆ ಬಂದರೂ ಅಲ್ಲಿ ನೀರು ಬೇಗ ಇಳಿದುಹೋಗುತ್ತದೆ, ಸಣ್ಣ ಗೇರಿನ ಮಾತೇ ಬರುವುದಿಲ್ಲ. ಆ ದಾರಿಯಲ್ಲಿ ಸಾಹೇಬರೂ ನಾನೂ ಸಮಾನರು.

ಆ ವರ್ಷ ನನ್ನ ಹೆಂಡತಿ ಶಾಂತವ್ವ ನಾಗರಪಂಚಮಿಗೆಂದು ತವರಿಗೆ, ತಳಕಲ್ಲಿಗೆ ಹೋದಳು. ಕರೆದುಕೊಂಡು ಬರಲು ನಾನು ಇವತ್ತು ನಾಳೆ ಎನ್ನುತ್ತ ಉಳಿದೆ. ನಿಜ ಹೇಳಬೇಕೆಂದರೆ ಮೊದಲ ವಾರ ಮನೆ ಬಹಳ ಶಾಂತವಾಗಿತ್ತು. ಎರಡನೆಯ ವಾರ ನಾನೇ ಬಡಿದ ರೊಟ್ಟಿ ತಿನ್ನುವ ಹೊತ್ತಿಗೆ ಆ ಶಾಂತಿಯ ರುಚಿ ಕೆಟ್ಟಿತು. ಅಷ್ಟರಲ್ಲಿ ಅವಳ ತಮ್ಮ ಬಂದು ಹೇಳಿದ: "ಸೋಮವಾರ ಹೊತ್ತು ಮುಳುಗೂದ್ರಾಗ ನೀವು ಬರಲಿಲ್ಲಂದ್ರ, ಅಕ್ಕ ದೀಪಾವಳಿ ಮುಗಿಸೇ ಬರ್ತಾಳಂತ್ರಿ."

ಸೋಮವಾರ, ತಳಕಲ್ಲು ಇರುವ ಯಲಬುರ್ಗಾ ಕಡೆಗೇ ಕಚೇರಿಯ ಕೆಲಸವನ್ನು ಹೇಗೋ ಹುಟ್ಟಿಸಿಕೊಂಡು ಜೀಪು ಹತ್ತಿದೆ. ಹಿಂದಿನ ದಿನ ಮಳೆ ಚೆನ್ನಾಗಿ ಹೊಡೆದಿತ್ತು. ಡಾಂಬರು ಬಿಟ್ಟು ಕಪ್ಪು ಎರೆ ಹೊಲಗಳ ದಾರಿಗೆ ಇಳಿಯುವಾಗ, "ಹುಲಿಗೆಪ್ಪ, ಸಣ್ಣ ಗೇರು ಹಾಕೋ ಮಾರಾಯಾ" ಎಂದೆ.

"ಸಾಹೇಬರು ಇಲ್ಲಲ್ರಿ. ಗರಜೇನೈತಿ?"

"ನನಗ ಗರಜೈತೋ! ಹೆಂಡ್ತೀನ ಕರಕೊಂಡು ಬರಬೇಕು!"

"ಅಷ್ಟಕ್ಕ ಎರಡು ಗಾಲಿ ಸಾಕು ಬಿಡ್ರಿ."

ಊರು ಕಣ್ಣಿಗೆ ಬೀಳುತ್ತಿದ್ದಂತೆ ಹಿಂದಿನ ಗಾಲಿಗಳು ರಾಡಿಯಲ್ಲಿ ಕೂತವು. ಹುಲಿಗೆಪ್ಪ ಆಗ ದೊಡ್ಡ ಮನಸ್ಸು ಮಾಡಿ ಸಣ್ಣ ಗೇರು ಹಾಕಿದ. ಅದುವರೆಗೆ ಎರಡೇ ಹೂತಿದ್ದವು. ಈಗ ನಾಲ್ಕೂ ಒಗ್ಗಟ್ಟಿನಿಂದ ಹೂತವು. ಹೊತ್ತು ಇಳಿಯುತ್ತಿತ್ತು. ನಾನು ಕೆಳಗೆ ಹಾರಿ ಓಡಿದೆ. ಓಡಿದೆ ಅಂದರೆ, ಒಂದೊಂದು ಹೆಜ್ಜೆಗೂ ಕಾಲಿಗೆ ಸೇರುಗಟ್ಟಲೆ ಎರೆ ಮಣ್ಣು ಅಂಟಿಸಿಕೊಳ್ಳುತ್ತ, ಒಂದು ಚಪ್ಪಲಿಯನ್ನು ಹೊಲಕ್ಕೆ ದಾನ ಮಾಡಿ ನಡೆದೆ.

ಹೊತ್ತು ಮುಳುಗುವ ಮೊದಲು ಹೇಗೋ ಮನೆ ಮುಟ್ಟಿದೆ. ಕಟ್ಟೆಯ ಮೇಲಿದ್ದ ಮಾವ ನನ್ನ ಮುಖ ನೋಡಲಿಲ್ಲ, ಕಾಲು ನೋಡಿದರು. "ಅಳಿಯಂದಿರು ಜೀಪಿನ್ಯಾಗ ಬರ್ತಾರಂತ ಕೇಳಿದ್ದೆ."

"ಜೀಪು ಹಿಂದಿಂದ ಬರಾಕತ್ತೈತ್ರಿ" ಎಂದೆ. ಅದು ಸುಳ್ಳಾಗಲಿಲ್ಲ. ಅಳಿಯನ ಮರ್ಯಾದೆ ಉಳಿಸಲು ಅವರ ಎತ್ತುಗಳು ಹೋಗಿ ಅದನ್ನು ಬಾಗಿಲ ತನಕ ಎಳೆದು ತಂದವು.

ಬಾಗಿಲಲ್ಲಿ ನಿಂತಿದ್ದ ಶಾಂತವ್ವ ಸಿಟ್ಟನ್ನು ಸಿದ್ಧಪಡಿಸಿಕೊಂಡೇ ಇದ್ದಳು. ಒಂದು ಚಪ್ಪಲಿಯ ಗಂಡನನ್ನು ಕಂಡು ಅದು ಅರ್ಧಕ್ಕೇ ನಗೆಯಾಯಿತು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಇನ್ನೊಂದು ಚಪ್ಪಲಿಯೂ ಹೋಗಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಹೊರಡುವಾಗ ಅವಳು ಮುಂದಿನ ಸೀಟಿನಲ್ಲಿ ಕುಳಿತಳು. ನಾನು ಹಿಂದೆ, ಉಂಡಿಯ ಬುಟ್ಟಿಗಳ ನಡುವೆ. ನಡೆದದ್ದನ್ನೆಲ್ಲ ಕೇಳಿದ್ದ ಅವಳು, "ಹುಲಿಗೆಪ್ಪಣ್ಣ, ಅದೇನೋ ಸಣ್ಣ ಗೇರು ಐತಂತಲ್ಲ, ಅದನ್ನ ಈಗ ಹಾಕು. ಸಿಕ್ಕೊಂಡ ಮ್ಯಾಲೆ ಹಾಕಿ ಏನ್ಮಾಡ್ತಿ?" ಎಂದಳು.

"ಹೂಂನ್ರಿ ಅಕ್ಕಾರ" ಎಂದು ಹುಲಿಗೆಪ್ಪ ತಕ್ಷಣ ಹಾಕಿದ. ಜೀಪು ಅದೇ ರಾಡಿಯನ್ನು ನಿಧಾನವಾಗಿ, ಎಲ್ಲೂ ನಿಲ್ಲದೆ ದಾಟಿತು. ಡಾಂಬರು ಸಿಕ್ಕಿ ಟಯರು ಕುಯ್ಯೆಂದಾಗ, "ಸಾಕು, ಇನ್ನ ತಗಿ" ಎಂದಳು. ತೆಗೆದ.

"ಈಗ ಯಾರ ಗರಜಿತ್ತೋ?" ಎಂದು ನಾನು ಬುಟ್ಟಿಗಳ ನಡುವಿನಿಂದ ಕೇಳಿದೆ. ಅವನು ತಿರುಗಿಯೂ ನೋಡದೆ, "ಅಕ್ಕಾರ ಹುಕುಂ ಇತ್ತಲ್ರಿ" ಎಂದ.

ಮರುವರ್ಷ ಪಂಚಮಿಗೆ ಅವಳು ಹೊರಟಾಗ, "ಕರಕೊಂಡು ಬರಾಕ ಯಾವಾಗ ಬರ್ಲಿ?" ಎಂದು ಕೇಳಿದೆ.

"ಗರಜಿದ್ದಾಗ ಬರ್ರಿ" ಎಂದಳು.

ಯಾರ ಗರಜು ಎಂದು ನಾನು ಕೇಳಲಿಲ್ಲ. ಹಬ್ಬದ ಮರುದಿನವೇ, ಮೋಡ ಕಟ್ಟುವ ಮೊದಲು, ಎರಡೂ ಚಪ್ಪಲಿಯೊಂದಿಗೆ ಮಾವನ ಕಟ್ಟೆಯ ಮೇಲೆ ಕುಳಿತಿದ್ದೆ.