ನಮ್ಮ ರಾಣಿಗೊಬ್ಬ ರಾಜ ಬೇಕು

ಇಂಥವೆಲ್ಲ ನಮ್ಮ ಮನೆಯವರಿಗೇ ಯಾಕೆ ಗಂಟುಬೀಳುತ್ತವೋ ನನಗಂತೂ ಗೊತ್ತಿಲ್ಲ. ಬೇರೆಯವರು ಹಬ್ಬಕ್ಕೆ ಮುಂಚೆ ಗೊಂಬೆ ಅಂಗಡಿಗೆ ಹೋಗುತ್ತಾರೆ, ನೋಡುತ್ತಾರೆ, ಕೊಂಡುಕೊಂಡು ಮನೆ ಸೇರುತ್ತಾರೆ. ನಾವು ಹೋದರೆ ಒಂದು ವರ್ಷ ಅಂಗಡಿಯವನು ಕೈಮುಗಿದು ಕಳಿಸುತ್ತಾನೆ, ಇನ್ನೊಂದು ವರ್ಷ ಪಹರೆಯವನು ಹಿಡಿದು ಕೂರಿಸುತ್ತಾನೆ.

ಹಿರೋಡೆಯಲ್ಲಿ ನಮ್ಮದು ಕುಲುಮೆ. ಅಪ್ಪ ಕಮ್ಮಾರ, ನಾನೂ ಕಮ್ಮಾರ. ಭಾದ್ರಪದದ ಗಣಪತಿಯನ್ನು ಬಾವಿಗೆ ಬಿಟ್ಟ ಮಾರನೆಯ ದಿನದಿಂದ ಅವ್ವನ ಕಾಲು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಆಮೇಲೆ ಬರುವುದು ಪಿತೃಪಕ್ಷ, ಆ ಹದಿನೈದು ದಿನ ಹೊಸ ವಸ್ತು ಕೊಳ್ಳುವಂತಿಲ್ಲ. "ತಗೋಬಾರ್ದು ಅಂದವ್ರೆ, ನೋಡ್ಬಾರ್ದು ಅಂದವ್ರಾ?" ಎಂದು ಅವ್ವ ನಮ್ಮಿಬ್ಬರನ್ನೂ ಎಬ್ಬಿಸಿಕೊಂಡು ಹೊರಡುತ್ತಿದ್ದಳು. ಅವಳ ಅವ್ವನೂ ಹೀಗೇ ಹೊರಡುತ್ತಿದ್ದಳಂತೆ. ಗಂಜಾಂ ಪೇಟೆ, ನಾಗಮಂಗಲ, ಅತ್ತಿಕುಪ್ಪೆ, ಎಲ್ಲಿ ಗೊಂಬೆಯಿದ್ದರೆ ಅಲ್ಲಿಗೆ. ನನಗೋ, ಒಂದು ಕಡೆ ಅರೆಗಳಿಗೆ ಸುಮ್ಮನೆ ನಿಂತರೆ ಅಂಗಾಲು ಉರಿಯುತ್ತದೆ. ಅಂಥವನನ್ನು ಅಂಗಡಿಯ ಮುಂದೆ ಮೂರು ಗಳಿಗೆ ನಿಲ್ಲಿಸಿದರೆ ಏನಾಗಬೇಡ?

ಗಾಲಿಗೆ ಅಡ್ಡ

ಅವ್ವನ ಮದುವೆಗೆ ತವರಿನವರು ಒಂದು ಜೊತೆ ಪಟ್ಟದ ಗೊಂಬೆ ಕೊಟ್ಟಿದ್ದರು. ರಾಜ, ರಾಣಿ. ರಕ್ತಚಂದನದ ಒಂದೇ ತುಂಡನ್ನು ಸೀಳಿ ಎರಡನ್ನೂ ಕೆತ್ತಿದ್ದು. ನವರಾತ್ರಿಯ ಮೊದಲ ದಿನ ಅವೆರಡನ್ನು ಮೇಲಿನ ಮೆಟ್ಟಿಲಲ್ಲಿ ಪಟ್ಟಕ್ಕೆ ಕೂರಿಸಿದ ಮೇಲೇ ಉಳಿದ ಗೊಂಬೆಗಳಿಗೆ ಜಾಗ.

ಪಟ್ಟಣಕ್ಕೆ ದಂಡು ಬಂದು ಮುತ್ತಿದ ವರ್ಷ ನಾವಿನ್ನೂ ಗಂಜಾಂನಲ್ಲಿದ್ದೆವು. ಗಂಟುಮೂಟೆ ಗಾಡಿಗೆ ಹೇರಿ ಅತ್ತಿಕುಪ್ಪೆಯ ಹತ್ತಿರದ ಅವ್ವನ ತವರಿಗೆ ಹೊರಟೆವು. ಚಿನಕುರಳಿ ದಾಟಿದ ಮೇಲೆ ಒಂದು ಏರು. ಎತ್ತುಗಳು ನಿಂತವು, ಗಾಡಿ ಹಿಂದಕ್ಕೆ ಜಾರತೊಡಗಿತು. ಅವ್ವ ಹೆಂಗಸರ ಜೊತೆ ಮುಂದೆ ನಡೆದುಹೋಗಿದ್ದಳು. ನಾನು ಗಾಲಿಗೆ ಭುಜ ಕೊಟ್ಟು, "ಅಪ್ಪ, ಅಡ್ಡ ಕೊಡು! ಬಿರ್ನೆ ಏನಾದ್ರೂ ಅಡ್ಡ ಕೊಡು!" ಎಂದು ಅರಚಿಕೊಂಡೆ. ಅಪ್ಪ ಗಂಟಿನೊಳಗೆ ಕೈ ಹಾಕಿ, ಸಿಕ್ಕಿದ ಮರದ ತುಂಡನ್ನು ಎಳೆದು ಗಾಲಿಯ ಹಿಂದೆ ತುರುಕಿದ. ಗಾಡಿ ನಿಂತಿತು. ಎತ್ತುಗಳು ಉಸಿರು ತೆಗೆದುಕೊಂಡು ಎಳೆದವು. ನಾವು ತಿರುಗಿ ನೋಡದೆ ಏರು ಹತ್ತಿದೆವು.

ತವರಿನಲ್ಲಿ ಗಂಟು ಬಿಚ್ಚಿದರೆ ರಾಣಿ ಇದ್ದಾಳೆ, ರಾಜ ಇಲ್ಲ. ಅಪ್ಪ ನನ್ನನ್ನು ಹಿತ್ತಿಲಿಗೆ ಎಳೆದುಕೊಂಡು ಹೋಗಿ, "ಲೇ, ಸೌದೆ ಅಂದ್ಕಂಡೆ ಕಣ್ಲಾ. ನಿಮ್ಮವ್ವುಂಗೆ ಏಳ್ಬ್ಯಾಡ" ಎಂದ. ಮಾರನೆಯ ದಿನ ನಾನು ಆ ಏರಿನವರೆಗೂ ಓಡಿಹೋಗಿ ಹುಡುಕಿದೆ. ಅಷ್ಟು ಹೊತ್ತಿಗೆ ಊರೂರಿನ ಗಾಡಿ ಅಲ್ಲಿ ಹಾದುಹೋಗಿದ್ದವು. ರಾಜನ ಒಂದು ಚೂರೂ ಸಿಗಲಿಲ್ಲ.

"ದಾರೀಲಿ ಯಾವನೋ ಎತ್ಕಂಡವ್ನೆ" ಎಂದು ಅಪ್ಪ ಅವ್ವನಿಗೆ ಹೇಳಿದ. ಅವ್ವ ಗೋಳೋ ಎಂದು ಅತ್ತಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ಯಾವ ಪಾಪಿ ಮುಟ್ಟುದ್ನೋ, ಅವನ ಕೈ ಸೇದೋಗ!" ಎಂದು ಶಾಪ ಹಾಕಿದಳು. ಅಪ್ಪ ಮೆಲ್ಲಗೆ ತನ್ನ ಎರಡೂ ಕೈಯನ್ನು ಕಂಬಳಿಯೊಳಗೆ ಸೇರಿಸಿಕೊಂಡ.

ಸವತಿ ಬೇಡ

ದಂಡು ಹೋದ ಮೇಲೆ ಹಿರೋಡೆಗೆ ಬಂದು ಕುಲುಮೆ ಹೂಡಿದೆವು, ಆದರೆ ಅವತ್ತಿನಿಂದ ನಮ್ಮ ಮನೆಯಲ್ಲಿ ಗೊಂಬೆ ಕೂರಿಸುವುದು ನಿಂತಿತು. ಗಂಡನಿಲ್ಲದ ರಾಣಿಗೆ ಕುಂಕುಮ ಇಟ್ಟು ಪಟ್ಟಕ್ಕೆ ಕೂರಿಸುವುದು ಹೇಗೆ? ಒಂಬತ್ತು ದಿನವೂ ಅವ್ವ ಬೇರೆಯವರ ಮನೆ ಗೊಂಬೆ ನೋಡಿಕೊಂಡು, ಬಾಗಿನ ಹಿಡಿದುಕೊಂಡು ಬಂದು, ನಮ್ಮ ಬರಿಯ ಮೆಟ್ಟಿಲುಗಳ ಎದುರಿಗೆ ಕೂರುತ್ತಿದ್ದಳು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಹಾಗಾಗಿ ಎಷ್ಟೇ ಗೊಣಗಿದರೂ ರಾಜನನ್ನು ಹುಡುಕಲು ನಾನೇ ಮೊದಲು ಚಪ್ಪಲಿ ಮೆಟ್ಟುತ್ತಿದ್ದೆ.

ಗಂಜಾಂ ಪೇಟೆಯಲ್ಲಿ ಒಬ್ಬ ಶೆಟ್ಟರ ಗೊಂಬೆ ಅಂಗಡಿ. ಅವ್ವ ಮಡಿಲಿನಿಂದ ರಾಣಿಯ ಅಳತೆಯ ದಾರ ತೆಗೆದು ಒಬ್ಬೊಬ್ಬ ರಾಜನನ್ನೂ ಅಡಿಯಿಂದ ಮುಡಿಯವರೆಗೆ ಅಳೆದಳು. ಕೊನೆಗೂ ಒಬ್ಬ ಒಪ್ಪಿಗೆಯಾದ.

"ಇವ್ನು ಆಗ್ಬೌದು. ಇವನೊಬ್ಬನ್ನೇ ಕೊಡಿ."

"ಒಬ್ಬನ್ನೇ ಎಂಗ್ ಕೊಡ್ಲಿ ತಾಯಿ? ಜೊತೆ ಒಡೆದ್ರೆ ಆ ರಾಣಿ ಗತಿ ಏನು?"

"ಅಂಗಾರೆ ಒಂಟಿ ರಾಜನ್ನ ಕೆತ್ತಿಸ್ಕೊಡಿ."

"ಯಾವ ಬಡಗೀನೂ ಒಂಟಿ ಕೆತ್ತಲ್ಲ. ಅವನ ಮನೇಗೇ ಆಗಿಬರಲ್ವಂತೆ. ನೋಡಿ, ರಾಜನ್ನ ತಗೊಳ್ಳಿ, ಈ ರಾಣೀನ ಸುಮ್ನೆ ಕೊಡ್ತೀನಿ."

"ಸುಮ್ನೆ ಕೊಡ್ತಾರೆ ಅಂತ ಸವತೀನ ಮನೆಗ್ ಕರ್ಕಂಡೋಗಕ್ಕಾಯ್ತದಾ?"

ಆಗ ಅಪ್ಪ ಬಾಯಿ ಮುಚ್ಚಿಕೊಂಡಿದ್ದರೆ ಆಗಿಹೋಗುತ್ತಿತ್ತು. "ಇರ್ಲಿ ಬುಡು, ರಾಜ್ರು ಅಂದ್ಮೇಲೆ ಇಬ್ರು ಎಂಡ್ರು ಇದ್ರೆ ಏನಾಯ್ತು?" ಎಂದುಬಿಟ್ಟ. ಅವ್ವ ದಾರ ಸುತ್ತಿ ಮಡಿಲಿಗೆ ಹಾಕಿಕೊಂಡು ನಡೆದೇಬಿಟ್ಟಳು. ಹಿರೋಡೆ ಮುಟ್ಟುವವರೆಗೂ ನಮಗಿಂತ ಹತ್ತು ಮಾರು ಮುಂದೆಯೇ ಇದ್ದಳು. ಮೂರು ದಿನ ಅಪ್ಪನ ತಟ್ಟೆಗೆ ಮುದ್ದೆ ಬಿತ್ತು, ಸಾರು ಬೀಳಲಿಲ್ಲ. ನಾಲ್ಕನೆಯ ದಿನ ಅಪ್ಪ ತಾನಾಗಿಯೇ, "ಒಬ್ಳೇ ಸಾಕು ಕಣೆ, ಒಬ್ಳನ್ನೇ ತಡ್ಕಳಕ್ಕಾಗಲ್ಲ" ಎಂದ. ಇನ್ನೂ ಮೂರು ದಿನ ಸಾರು ತಪ್ಪಿತು.

ಕಬ್ಬಿಣದ ರಾಜ

ಒಂದು ವರ್ಷ ಅಪ್ಪನಿಗೆ ಛಲ ಬಂತು. "ಬಡಗಿ ಕೆತ್ತದಿದ್ರೆ ಕತ್ತೆ ಬಾಲ. ನಾನಿಲ್ವಾ?" ಎಂದು ನೇಗಿಲ ಗುಳದ ಕಬ್ಬಿಣ ಕಾಯಿಸಿ ರಾಜನನ್ನು ಬಡಿದ. ಮೀಸೆ, ಕಿರೀಟ, ಸೊಂಟದಲ್ಲಿ ಕತ್ತಿ, ಎಲ್ಲ ಇತ್ತು. ಕತ್ತಿ ನಿಜವಾಗಿಯೂ ಹರಿತವಾಗಿತ್ತು. ರಾಣಿಯ ಪಕ್ಕ ಕೂರಿಸಿದ ಕೂಡಲೇ ಮೇಲಿನ ಹಲಗೆ ಮುರಿಯಿತು. ರಾಜ ಒಂದೊಂದೇ ಮೆಟ್ಟಿಲು ಮುರಿಯುತ್ತ ಇಳಿದು ಬಂದು ಅಪ್ಪನ ಕಾಲ್ಬೆರಳ ಮೇಲೆ ನಿಂತ. ಅಪ್ಪ ಒಂಟಿ ಕಾಲಲ್ಲಿ ಕುಣಿಯುತ್ತಿದ್ದರೆ ಅವ್ವ ರಾಣಿಯನ್ನು ಎತ್ತಿಕೊಂಡು ಎದೆಗೆ ಒತ್ತಿಕೊಂಡಳು. "ಸದ್ಯ! ಮದ್ವೆಗ್ ಮುಂಚೇನೆ ಅವನ ಬುದ್ಧಿ ಗೊತ್ತಾಯ್ತಲ್ಲ" ಎಂದಳು.

ಗಂಡಿನ ಕಡೆಯವರು

ನಾಗಮಂಗಲದಲ್ಲಿ ಕಂಚುಗಾರರ ಮನೆಯ ಅಜ್ಜಿಯೊಬ್ಬಳ ಹತ್ತಿರ ಒಂಟಿ ರಾಜ ಇದ್ದಾನೆ, ಅವನ ರಾಣಿಯನ್ನು ಇಲಿ ತಿಂದುಹಾಕಿದೆ ಎಂದು ಸುದ್ದಿ ಬಂತು. ಅವ್ವ ಅವತ್ತು ಉಂಡ ಎಲೆಯನ್ನೂ ಎತ್ತಲಿಲ್ಲ. ರಾಣಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟೇಬಿಟ್ಟಳು.

ಅಜ್ಜಿ ಚಾಪೆ ಹಾಸಿ ಬೆಲ್ಲ, ನೀರು ಕೊಟ್ಟಳು. ರಾಜನನ್ನು ತಂದು ನಮ್ಮ ರಾಣಿಯ ಪಕ್ಕ ನಿಲ್ಲಿಸಿದಳು. ಮೈಬಣ್ಣ, ಎತ್ತರ, ನಿಲುವು, ಎಲ್ಲ ಹೇಳಿ ಮಾಡಿಸಿದ ಹಾಗೆ ಕೂಡಿಬಂತು. ಅವ್ವನ ಕಣ್ಣಲ್ಲಿ ನೀರು. ಅಜ್ಜಿಯ ಕಣ್ಣಲ್ಲೂ ನೀರು. ಅಂತೂ ನನ್ನ ಅಲೆದಾಟ ಮುಗಿಯಿತು ಎಂದು ನಾನು ಚಪ್ಪಲಿ ಮೆಟ್ಟಿಕೊಂಡೆ.

"ಅಂಗಾರೆ ಕರ್ಕಂಡೋಗ್ತೀವಿ ಅಜ್ಜಿ" ಎಂದಳು ಅವ್ವ.

"ಯಾರ್ನ?"

"ರಾಜನ್ನ."

ಅಜ್ಜಿ ರಾಜನನ್ನು ಮಡಿಲಿಗೆ ಎಳೆದುಕೊಂಡಳು. "ಎಲ್ಲಾದ್ರೂ ಉಂಟಾ ತಾಯಿ? ಎಣ್ಣು ಗಂಡಿನ ಮನೆಗ್ ಬರೋದು ಪದ್ಧತಿ. ನಿಮ್ ರಾಣೀನ ಬುಟ್ಟೋಗಿ, ನಾನು ಸೊಸೆ ತರ ನೋಡ್ಕತೀನಿ."

ಅವ್ವ ರಾಣಿಯನ್ನು ಬಿಡಲಿಲ್ಲ, ಅಜ್ಜಿ ರಾಜನನ್ನು ಬಿಡಲಿಲ್ಲ. ಬಿಸಿಲು ಇಳಿಯುವವರೆಗೂ ಪಂಚಾಯಿತಿ ನಡೆಯಿತು. ನಾನು ಅಂಗಳದಲ್ಲಿ ಅತ್ತಿಂದಿತ್ತ ತಿರುಗಿ ತಿರುಗಿ ಅವರು ಬಳಿದಿದ್ದ ಸಗಣಿಯೆಲ್ಲ ಕಿತ್ತುಬಂದಿತ್ತು. ಕೊನೆಗೆ ಅಪ್ಪ ರಾಜಿಯ ದನಿಯಲ್ಲಿ, "ಮನೆ ಅಳಿಯ ಅಂತ ಕಳ್ಸ್ಕೊಡಿ ಅಜ್ಜಿ" ಎಂದ. ಅಜ್ಜಿಗೆ ಎಲ್ಲಿತ್ತೋ ಕೋಪ. "ನಮ್ ವಂಶದಲ್ಲಿ ಮನೆ ಅಳಿಯ ಆದೋರೇ ಇಲ್ಲ!" ಎಂದು, ನಾವು ತಿಂದು ಮುಗಿಸದ ಬೆಲ್ಲವನ್ನು ವಾಪಸ್ಸು ತೆಗೆದುಕೊಂಡಳು.

ಕೋಟೆ ಬಾಗಿಲಲ್ಲಿ

ರಾಜ ಹೋಗಿ ಆರು ವರ್ಷ ಆಗಿತ್ತು. ಆಗ ಪಟ್ಟಣದಲ್ಲಿ ಸುಲ್ತಾನರ ಆಳ್ವಿಕೆ. ಹಳೆಯ ಅರಸು ಮನೆತನದವರ ಮೇಲೆ ಕಾವಲಿತ್ತು. ಬೀದಿಯಲ್ಲಿ 'ರಾಜ' ಎನ್ನಲು ಜನ ಆಚೀಚೆ ನೋಡುತ್ತಿದ್ದ ಕಾಲ. ಅಪ್ಪನಿಗೆ ಇದೆಲ್ಲ ತಲೆಗೆ ಹೋಗುವುದೇ ಇಲ್ಲ. ಕೋಟೆಯೊಳಗಿನ ಗೊಂಬೆ ಅಂಗಡಿಗಳನ್ನೂ ನೋಡಿಬಿಡೋಣವೆಂದು ನಾವು ಮೂವರೂ ಪಟ್ಟಣದ ಬಾಗಿಲಿಗೆ ಹೋದೆವು.

"ಏನ್ ಕೆಲ್ಸ?" ಎಂದು ಬಾಗಿಲ ಪಹರೆಯವನು ಕೇಳಿದ.

"ರಾಜನ್ನ ಹುಡ್ಕಕ್ಕೆ ಬಂದಿದೀವಿ ಸ್ವಾಮಿ" ಎಂದ ಅಪ್ಪ.

ಪಹರೆಯವನ ಭರ್ಜಿ ನೆಟ್ಟಗಾಯಿತು. "ಕ್ಯಾ? ಯಾವ ರಾಜ?"

"ಯಾರಾದ್ರೂ ಆಗ್ಬೌದು. ಆರು ವರ್ಷದಿಂದ ಪಟ್ಟ ಖಾಲಿ ಅದೆ. ನಮ್ ರಾಣಿ ಒಬ್ಳೇ ಕೂತವ್ಳೆ."

ನಾನು ಅಪ್ಪನ ಕಾಲು ತುಳಿದೆ. ಕಬ್ಬಿಣದ ರಾಜ ಬಿದ್ದ ಕಾಲೇ ಅದು. ಅಪ್ಪ "ಅಯ್ಯೋ" ಎಂದನೇ ಹೊರತು ಸುಮ್ಮನಾಗಲಿಲ್ಲ.

"ನಿಮ್ ಜೊತೆ ಇನ್ನೂ ಯಾರ್ಯಾರು ಇದಾರೆ?" ಪಹರೆಯವನು ಈಗ ಮೆತ್ತಗೆ ಕೇಳುತ್ತಿದ್ದ.

"ಬೇಕಾದಷ್ಟು ಜನ. ಅತ್ತಿಕುಪ್ಪೆ ಕಡೆ ನಮ್ ನೆಂಟ್ರು ಹುಡುಕ್ತಾವ್ರೆ. ನಾಗಮಂಗಲದಲ್ಲಿ ಒಬ್ಬ ರಾಜ ಸಿಕ್ಕಿದ್ದ, ಮುದುಕಿ ಬಿಡ್ಲಿಲ್ಲ."

ಆಮೇಲೆ ನಾವು ಮೂವರೂ ಚಾವಡಿಯಲ್ಲಿದ್ದೆವು. ಎದುರಿಗೆ ದಫೇದಾರ, ಹಿಂದೆ ನಾಲ್ಕು ಭರ್ಜಿ. ನಾನು ಅಪ್ಪನ ಬೆನ್ನ ಹಿಂದೆ ಸರಿದುಕೊಂಡೆ. ಅವ್ವ ಮಾತ್ರ ಮುಂದೆ ಬಂದು ಬಟ್ಟೆ ಬಿಚ್ಚಿ, ರಾಣಿಯನ್ನು ಅವನ ಮುಂದೆ ನಿಲ್ಲಿಸಿದಳು. "ಇವ್ಳಿಗೆ ಸ್ವಾಮಿ, ರಾಜ ಬೇಕಾಗಿರೋದು."

ದಫೇದಾರ ಗೊಂಬೆಯನ್ನು ನೋಡಿದ, ನಮ್ಮನ್ನು ನೋಡಿದ, ಪಹರೆಯವನನ್ನು ನೋಡಿದ. ಪಹರೆಯವನು ಸೂರು ನೋಡುತ್ತಿದ್ದ. ನಗು ತಡೆದುಕೊಂಡು ದಫೇದಾರ ಹುಬ್ಬು ಗಂಟಿಕ್ಕಿ ಕೇಳಿದ: "ಸಚ್ ಹೇಳ್ಬೇಕು. ಇವಳ ರಾಜ ಏನಾದ?"

ಅಪ್ಪ ಅಡ್ಡಬಿದ್ದ. "ನಾನೇ ಸ್ವಾಮಿ! ನಾನೇ ರಾಜನ್ನ ಗಾಡಿ ಚಕ್ರದಡಿ ಆಕ್ಬುಟ್ಟೆ! ಸೌದೆ ಅಂದ್ಕಂಡೆ!"

ಅವ್ವ ನಿಧಾನವಾಗಿ ಅಪ್ಪನ ಕಡೆ ತಿರುಗಿದಳು. ಆ ಮುಖವನ್ನು ನಾನು ನೋಡಿದೆ, ದಫೇದಾರನೂ ನೋಡಿದ. "ಬಿಟ್ಬಿಡ್ರೋ ಇವನ್ನ. ಇವನ ಸಜಾ ಮನೇಲಿದೆ" ಎಂದ.

ಅಪ್ಪ ನೆಲದಿಂದ ಏಳಲೇ ಇಲ್ಲ. ದಫೇದಾರನ ಕಾಲು ಗಟ್ಟಿಯಾಗಿ ಹಿಡಿದು, "ಬ್ಯಾಡಿ ಸ್ವಾಮಿ, ಒಂದೆಂಟು ದಿನ ಇಲ್ಲೇ ಇಟ್ಕಳಿ" ಎಂದ.

ರಾಜ ಸಿಕ್ಕ

ಮರುವರ್ಷ ಬೇಸಿಗೆಯಲ್ಲಿ ಮತ್ತೆ ದಂಡು ಬಂತು. ಈ ಸಲ ಪಟ್ಟಣವೇ ಬಿತ್ತು. ಸುಲ್ತಾನರು ಹೋದರಂತೆ, ಮುಂದೆ ಯಾರಂತೆ, ದಿನಕ್ಕೊಂದು ಸುದ್ದಿ. ಯಾರಿಗೂ ಊಟ ಸೇರುತ್ತಿರಲಿಲ್ಲ, ಕೂತವರು ಎದ್ದು ಬಾಗಿಲಿಗೆ ಬರುತ್ತಿದ್ದರು. ನಮ್ಮ ಮನೆಯಲ್ಲಂತೂ ಅವ್ವ ಅಪ್ಪನ ಜೊತೆ ಮಾತು ಬಿಟ್ಟು ಎಂಟು ತಿಂಗಳಾಗಿತ್ತು. "ಏಳು ನಿಮ್ಮಪ್ಪುಂಗೆ" ಎಂದು ಅವಳು, "ಏಳು ನಿಮ್ಮವ್ವುಂಗೆ" ಎಂದು ಇವನು. ನಾನು ಅಡುಗೆಮನೆಗೂ ಕುಲುಮೆಗೂ ಓಡಾಡಿ ಓಡಾಡಿ ಸವೆದಿದ್ದೆ.

ಒಂದು ಮಧ್ಯಾಹ್ನ ಪಕ್ಕದ ಮನೆಯ ಗೌಡ ಏದುಸಿರು ಬಿಡುತ್ತ ಓಡಿಬಂದ. "ಅಕ್ಕಾ! ರಾಜ್ರು ಸಿಕ್ಬುಟ್ರು!"

ರಾಗಿ ಬೀಸುತ್ತಿದ್ದ ಅವ್ವ ದಡಕ್ಕನೆ ಎದ್ದಳು. "ಎಲ್ಲಪ್ಪ? ಯಾರ ಮನೇಲಿ?"

"ಮೈಸೂರಲ್ಲಿ! ಪಟ್ಟಕ್ ಕೂರುಸ್ತಾರಂತೆ!"

"ಅವ್ರ್ಯಾಕೆ ಕೂರುಸ್ತಾರೆ, ನಾವು ಕೂರುಸ್ಕತೀವಿ! ಎತ್ತರ ಎಷ್ಟವ್ನೆ?"

ಗೌಡ ತಬ್ಬಿಬ್ಬಾದ. ಸೊಂಟದ ಹತ್ತಿರ ಕೈಯಿಟ್ಟು, "ಇಷ್ಟಿರ್ಬೌದು. ಐದು ವರ್ಷದ ಕೂಸು" ಎಂದ.

"ಅಷ್ಟೆತ್ತರಾನಾ? ಜೊತೇಲಿ ರಾಣಿ ಅವ್ಳಾ?"

"ಇನ್ನೂ ಮದ್ವೆ ಆಗಿಲ್ಲ ಕಣಕ್ಕ!"

"ಒಂಟಿ!" ಅವ್ವ ಖುಷಿಗೆ ಎಂಟು ತಿಂಗಳ ಸಿಟ್ಟನ್ನೂ ಮರೆತು ಅಪ್ಪನ ರಟ್ಟೆ ಹಿಡಿದು ಅಲ್ಲಾಡಿಸಿದಳು. "ಕೇಳ್ಸ್ತಾ? ಒಂಟಿಯಂತೆ! ಗಾಡಿ ಕಟ್ಟು!"

ಮೈಸೂರಿನಲ್ಲಿ ಪಟ್ಟಕ್ಕೆ ಕೂರುವುದು ಉಸಿರಾಡುವ ರಾಜರು ಎಂದು ತಿಳಿಸಿ ಹೇಳುವಷ್ಟರಲ್ಲಿ ನಾನೂ ಗೌಡನೂ ಬೆವೆತುಹೋದೆವು. ಅವ್ವ ಪೆಚ್ಚಾಗಿ ಬೀಸುವ ಕಲ್ಲಿನ ಮುಂದೆ ಕೂತಳು. ಆದರೆ ಅಪ್ಪನ ಜೊತೆ ಮಾತಾಡಿಬಿಟ್ಟಾಗಿತ್ತು, ವಾಪಸ್ಸು ತೆಗೆದುಕೊಳ್ಳುವಂತಿರಲಿಲ್ಲ.

ಆ ವರ್ಷ ಅವ್ವ ನಮ್ಮನ್ನು ಯಾವ ಅಂಗಡಿಗೂ ಕರೆಯಲಿಲ್ಲ. ಪಿತೃಪಕ್ಷವಿಡೀ ಮೆಟ್ಟಿಲು ತೊಳೆದಳು, ಮುರಿದ ಹಲಗೆಗಳಿಗೆ ಅಪ್ಪನಿಂದ ಮೊಳೆ ಹೊಡೆಸಿದಳು. ನವರಾತ್ರಿಯ ಮೊದಲ ದಿನ ರಾಣಿಗೆ ಹೊಸ ಸೀರೆ ಉಡಿಸಿ, ಹಣೆ ತುಂಬ ಕುಂಕುಮ ಇಟ್ಟು, ಮೇಲಿನ ಮೆಟ್ಟಿಲಲ್ಲಿ ಒಬ್ಬಳನ್ನೇ ಕೂರಿಸಿದಳು. ಪಕ್ಕದ ಜಾಗ ಹಾಗೇ ಖಾಲಿ ಬಿಟ್ಟಳು. ಏಳು ವರ್ಷದ ಮೇಲೆ ನಮ್ಮ ಮನೆಯ ಮೆಟ್ಟಿಲ ಮೇಲೆ ಆರತಿ ಬೆಳಗಿತು. ಅಪ್ಪ ಹೊಗೆ ಹೊಗೆ ಎನ್ನುತ್ತ ಕಣ್ಣುಜ್ಜಿಕೊಂಡ. ನಾನು ಒಂದೇ ಕಡೆ ಅಷ್ಟು ಹೊತ್ತು ಅಲುಗಾಡದೆ ನಿಂತಿದ್ದು ಅವತ್ತೇ.

ಹೆಂಗಸರು ಬಂದರು. ಬೀದಿಯ ಕೊನೆಯ ಮನೆಯಾಕೆಗೆ ತಪ್ಪು ಹುಡುಕುವುದೆಂದರೆ ಹಬ್ಬ. ಆಕೆ ಕತ್ತು ಓರೆ ಮಾಡಿ, "ಅದೇನಕ್ಕ, ಗಂಡ ಇಲ್ದೋಳಿಗೆ ಕುಂಕುಮ ಇಟ್ಟು ಕೂರ್ಸಿದ್ದೀಯ?" ಎಂದಳು. ಅಪ್ಪ ಬಾಗಿಲ ಹಿಂದೆ ಸರಿದ.

ಅವ್ವ ಕೋಸಂಬರಿ ಬಡಿಸುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ.

"ಬುಡ್ತು ಅನ್ನಮ್ಮ! ಇವಳ ಯಜಮಾನ್ರು ಮೈಸೂರಲ್ಲಿ ಪಟ್ಟಕ್ ಕೂತವ್ರೆ. ಹಬ್ಬ ಮುಗುಸ್ಕಂಡು ಬತ್ತಾರೆ."

"ಎಂಡ್ತೀನ ಬುಟ್ಟು ಒಬ್ರೇ ಓದ್ರಾ?"

"ಗಂಡುಸ್ರಲ್ವಾ, ಅವ್ರಿಗೇನು, ಓಗಿ ಕೂತ್ಕತಾರೆ. ಗೊಂಬೆ ಕೂರ್ಸಕ್ಕೆ ಮನೇಲಿ ಯಾರಾದ್ರೂ ಇರ್ಬೇಕಲ್ಲ!"